ಜಗಲಿಯಿಂದ ಹೊರಟ ಶಾಲೆ

ಮಲೆನಾಡಿನವರು ಮಳೆಯನ್ನು ತಿಂಗಳಿನಿಂದ ಗುರುತಿಸುವುದಿಲ್ಲ, ನಕ್ಷತ್ರದಿಂದ ಗುರುತಿಸುತ್ತಾರೆ. 2019ರ ಆಗಸ್ಟ್‌ನ ಆಶ್ಲೇಷಾ ಮಳೆಗೆ ಮೂಡಿಗೆರೆ ಸೀಮೆಯ ಗುಡ್ಡಗಳೇ ಜರಿದವು. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ಗದ್ದೆ, ತೋಟಗಳು ಮಣ್ಣಿನಡಿ ಸೇರಿದವು. ಇಂಥ ಹೊತ್ತಿನಲ್ಲಿ ಹಳ್ಳಿಗಳಲ್ಲಿ ಮೊದಲು ತೆರೆಯುವುದು ಶಾಲೆಯ ಬಾಗಿಲು. ಬೆಂಚುಗಳನ್ನು ಒತ್ತಟ್ಟಿಗೆ ಸರಿಸಿ ಚಾಪೆ ಹಾಸುತ್ತಾರೆ. ಬಿಸಿಯೂಟದ ಒಲೆಯ ಮೇಲೆ ಊರಿಗೆಲ್ಲ ಅನ್ನ ಬೇಯುತ್ತದೆ. ಅ ಆ ಇ ಈ ಬರೆದ ಗೋಡೆಯ ಬುಡದಲ್ಲಿ ಮುದುಕರು, ಬಾಣಂತಿಯರು ಮಲಗುತ್ತಾರೆ. ಆದರೆ ಈ ಕಟ್ಟಡವನ್ನು ಇಂಥ ಕೆಲಸಕ್ಕೆಂದು ಯಾರೂ ಯೋಚಿಸಿ ಕಟ್ಟಿರುವುದಿಲ್ಲ.

ಶಾಲೆಯೂ ಊರಿನ ಆಸರೆಯೂ ಒಂದೇ ಸೂರಿನಡಿ ಇರಬೇಕೆಂಬುದು ಈಚಿನ ವಾಸ್ತುಶಿಲ್ಪಿಗಳ ಮಾತು. ನಮ್ಮಲ್ಲಿ ಇದು ಹಳೆಯ ಸಂಗತಿ. ಕೂಲಿಮಠದ ಐಗಳಿಗೆ ಪ್ರತ್ಯೇಕ ಕಟ್ಟಡವೆಂಬುದು ಇರಲಿಲ್ಲ. ದೇವಸ್ಥಾನದ ಪೌಳಿ, ಪಟೇಲರ ಮನೆಯ ಜಗಲಿ, ಇಲ್ಲವೇ ಊರ ಚಾವಡಿ, ಇಷ್ಟೇ. ಬೆಳಿಗ್ಗೆ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿದ ಜಾಗದಲ್ಲೇ ಸಂಜೆ ಪಂಚಾಯಿತಿ ಕೂರುತ್ತಿತ್ತು.

ಸರ್ಕಾರ ಶಾಲೆ ತೆರೆಯಲು ಹೊರಟಾಗಲೂ ಈ ನಂಟು ಒಮ್ಮೆಗೇ ಕಡಿಯಲಿಲ್ಲ. ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪಿಸಿದರು. ನಾವು ಶಾಸನಗಳ ರೈಸ್ ಎಂದು ನೆನೆಯುವ ಪುಣ್ಯಾತ್ಮರೇ ಇವರು. ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರಿನ ಶಾಸನಗಳು ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿವೆ. ಅವರ ಯೋಜನೆಯಲ್ಲಿ ಶಾಲೆ ಬೇಕೆನ್ನುವ ಊರೇ ಮನೆ ಒದಗಿಸಬೇಕಿತ್ತು. ಹೀಗಾಗಿ ಶಾಲೆಯ ಮನೆ ಊರಿನ ಇತರ ಮನೆಗಳ ಹಾಗೆಯೇ ಇರುತ್ತಿತ್ತು. ಅದನ್ನು ಕಟ್ಟಿದವರಿಗೆ ಮಳೆ ಗೊತ್ತಿತ್ತು.

ಆ ಮನೆ ಹೇಗಿರುತ್ತಿತ್ತು? ಎತ್ತರದ ಕಲ್ಲಿನ ಅಡಿಪಾಯ, ಅದರ ಮೇಲೆ ದಪ್ಪನೆಯ ಮಣ್ಣುಗೋಡೆ. ಮಣ್ಣಿನ ಗೋಡೆಗೆ ಶತ್ರುಗಳು ಎರಡು, ಕೆಳಗಿನಿಂದ ಏರುವ ಶೀತ ಮತ್ತು ಪಕ್ಕದಿಂದ ಬಡಿಯುವ ಎರಚಲು. ಮೊದಲನೆಯದನ್ನು ಕಲ್ಲು ತಡೆಯುತ್ತಿತ್ತು. ಎರಡನೆಯದಕ್ಕೆ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಅದರ ನೆರಳಲ್ಲಿ ಜಗಲಿ. ಅಷ್ಟೂ ಸಾಲದೆಂದು ಮಳೆಗಾಲದಲ್ಲಿ ಪಡುವಣದ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಜಗಲಿ ಎಂದರೆ ಬರಿಯ ಕೂರುವ ಜಾಗವಲ್ಲ, ಅದು ಗೋಡೆಯ ಕೊಡೆ. ದಾರಿಹೋಕನಿಗೂ ಅಲ್ಲಿ ಜಾಗವಿತ್ತು ಎಂಬುದು ಮೇಲಿನ ಲಾಭ.

ಮೊದಲು ಸೂರಿಗೆ ಹುಲ್ಲು, ಸೋಗೆ. ವರ್ಷ ವರ್ಷ ಬದಲಿಸುವ ಕೆಲಸ, ಜೊತೆಗೆ ಬೆಂಕಿಯ ಭಯ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಹೆಂಚು ಮೆಲ್ಲಗೆ ಘಟ್ಟ ಹತ್ತಿತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹೆಂಚು ಒಡೆದರೆ ಒಂದನ್ನಷ್ಟೇ ತೆಗೆದು ಇನ್ನೊಂದನ್ನಿಟ್ಟರೆ ಆಯಿತು. ಊರಿನವರೇ ರಿಪೇರಿ ಮಾಡಬಹುದಾದ ಸೂರು ಅದು.

ಸ್ವಾತಂತ್ರ್ಯಾನಂತರ ಶಾಲೆಗಳು ಹೆಚ್ಚಿದವು, ಕಟ್ಟುವ ಹೊಣೆ ಸರ್ಕಾರದ್ದಾಯಿತು. ಒಳ್ಳೆಯದೇ, ಬಡ ಊರು ಮನೆ ಒದಗಿಸಲಾರದೆ ಶಾಲೆಯಿಂದ ವಂಚಿತವಾಗುವ ಕಾಲ ಮುಗಿಯಿತು. ಆದರೆ ಅದರೊಂದಿಗೆ ಎಲ್ಲ ಕಡೆಗೂ ಒಂದೇ ನಕ್ಷೆ ಬಂತು. ಕಡೂರಿನ ಬಯಲಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅದೇ ಜಿಲ್ಲೆಯ ಮೂಡಿಗೆರೆಯಲ್ಲಿ 2,000 ದಾಟುತ್ತದೆ. ಎರಡೂ ಕಡೆ ಅದೇ ಚಪ್ಪಟೆ ತಾರಸಿ ಎಂದರೆ ಏನು ಹೇಳೋಣ? ತಾರಸಿಯಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಕೂದಲೆಳೆಯ ಬಿರುಕಿನಲ್ಲಿ ಜಿನುಗುತ್ತದೆ. ಕೊನೆಗೆ ಅದರ ಮೇಲೊಂದು ತಗಡಿನ ಮಾಡು ಬರುತ್ತದೆ. ಒಂದು ಕಟ್ಟಡಕ್ಕೆ ಎರಡು ಸೂರಿನ ಖರ್ಚು! ಬರಿಯ ತಗಡು ಹೊದಿಸಿದ ಕೋಣೆಯಾದರೆ ಪುನರ್ವಸು ಮಳೆಯ ಸದ್ದಿಗೆ ಮೇಷ್ಟರ ಮಾತು ಮೊದಲ ಸಾಲಿಗೂ ಕೇಳಿಸುವುದಿಲ್ಲ.

ಹಳೆಯದಕ್ಕೇ ಮರಳಬೇಕೆಂದು ನಾನು ಹೇಳುತ್ತಿಲ್ಲ. ಹಳೆಯ ಮನೆಗಳ ತೊಲೆ, ಕಂಬಗಳಿಗೆ ಬೇಕಾದ ಮರವನ್ನು ಇಂದು ಕಡಿಯಲಾಗದು, ಕಡಿಯಲೂಬಾರದು. ಇಟ್ಟಿಗೆ ಸುಡಲೂ ಸೌದೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದಕ್ಕೊಂದು ದಾರಿ ತೋರಿತು. ಸ್ಥಳದ ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ, ನೀರುಣಿಸಿ ಗಟ್ಟಿ ಮಾಡುವ ಇಟ್ಟಿಗೆ ಅದು. ಅದಕ್ಕೂ ಎರಚಲು ಆಗದು. ವಿಜ್ಞಾನಿಗಳ ಇಟ್ಟಿಗೆಯೂ ಅಜ್ಜನ ಕಾಲದ ಚಾಚು ಸೂರನ್ನೇ ಕೇಳುತ್ತದೆ.

ಇನ್ನು ನೀರು. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಬೇಸಿಗೆಯಲ್ಲಿ ಸೊರಗುತ್ತದೆ. ಕಾಫಿಯ ಹೂಮಳೆ ಬಿದ್ದರೂ ಬಾವಿ ತುಂಬುವುದಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಚದರ ಮೀಟರ್ ಸೂರಿನ ಮೇಲೆ 2,000 ಮಿಲಿಮೀಟರ್ ಮಳೆ ಬಿದ್ದರೆ ಎರಡು ಲಕ್ಷ ಲೀಟರ್. ಅದರಲ್ಲಿ ಐವತ್ತು ಸಾವಿರ ಲೀಟರ್ ಹಿಡಿದಿಟ್ಟರೂ ಐವತ್ತು ಮಕ್ಕಳಿಗೆ, ತಲೆಗೆ ಹತ್ತು ಲೀಟರಿನಂತೆ, ನೂರು ದಿನ ಸಾಗುತ್ತದೆ. ಇಳಿಜಾರು ಸೂರಿದ್ದರೆ ಇದಕ್ಕೆ ಬೇಕಾದದ್ದು ಒಂದು ದೋಣಿ, ಒಂದು ತೊಟ್ಟಿ.

ಕಾಫಿ ಸೀಮೆಯ ಶಾಲೆಗೆ ಇನ್ನೊಂದು ಕತೆಯಿದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿರುವ ತೋಟಗಳಲ್ಲಿ ಮಾಲೀಕರಿಂದಲೇ ಶಿಕ್ಷಣದ ಏರ್ಪಾಡು ಮಾಡಿಸಲು ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಹೆಂಗಸರು ಹೆಚ್ಚಿರುವ ತೋಟಗಳಲ್ಲಿ ಶಿಶುಮಂದಿರವೂ ಇರಬೇಕೆಂದಿತು. ಲೈನ್ ಮನೆಯ ತಾಯಿ ಕಾಫಿ ಕುಯ್ಲಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದು ಇಲ್ಲಿ ಶಾಲೆಯ ಪ್ರಶ್ನೆಯೂ ಹೌದು. ಅಕ್ಕನ ಹಾಜರಿ ತಮ್ಮನ ತೊಟ್ಟಿಲನ್ನು ಅವಲಂಬಿಸಿರುತ್ತದೆ. ಶಾಲೆಗೆ ತಾಗಿಕೊಂಡೇ ಅಂಗನವಾಡಿ, ಅಡುಗೆಮನೆ, ಹೊರಗಿನಿಂದಲೂ ಬಾಗಿಲಿರುವ ಶೌಚಾಲಯ ಇದ್ದರೆ ಅದು ಓದುವ ಕಾಲಕ್ಕೂ ಒದಗುತ್ತದೆ, ಗುಡ್ಡ ಜರಿದ ರಾತ್ರಿಗೂ ಒದಗುತ್ತದೆ. ಜಾಗದ ಆಯ್ಕೆಯೂ ಮುಖ್ಯ. ಗುಡ್ಡ ಕೊರೆದು ಮಾಡಿದ ಮಟ್ಟದಲ್ಲಿ ಆಸರೆಯ ಮನೆ ಕಟ್ಟಿದರೆ ಅದಕ್ಕೇ ಆಸರೆ ಬೇಕಾದೀತು.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಮೇಷ್ಟರು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದರು. ಐಗಳ ಮಠ ಕೆಲವು ವಾರಗಳ ಮಟ್ಟಿಗೆ ಮರಳಿ ಬಂದಿತ್ತು.

ಈಗ ಮಲೆನಾಡಿನ ಸಣ್ಣ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಅನುಕೂಲವಿದ್ದವರ ಮಕ್ಕಳು ವ್ಯಾನು ಹತ್ತಿ ಪೇಟೆಗೆ ಹೋಗುತ್ತಾರೆ. ಉಳಿಯುವವರು ಕೂಲಿಯವರ ಮಕ್ಕಳು. ಶಾಲೆಗಳನ್ನು ವಿಲೀನ ಮಾಡುವ ಮಾತು ಬಂದಾಗೆಲ್ಲ ಲೆಕ್ಕಕ್ಕೆ ಬರುವುದು ಹಾಜರಿ ಪುಸ್ತಕ ಮಾತ್ರ. ಆ ಸೂರಿನಡಿ ಮತ ಹಾಕಿದವರು, ಮಳೆಯಲ್ಲಿ ಮಲಗೆದ್ದವರು ಆ ಪುಸ್ತಕದಲ್ಲಿಲ್ಲ. ಶಾಲೆಗೆ ಬೀಗ ಹಾಕುವುದೇ ಆದರೆ, ಮುಂದಿನ ಆಶ್ಲೇಷೆಯಲ್ಲಿ ಅದರ ಬೀಗದ ಕೈ ಯಾರ ಮನೆಯಲ್ಲಿರುತ್ತದೆ ಎಂಬುದನ್ನಾದರೂ ಊರಿಗೆ ತಿಳಿಸಬೇಕು.