ಗುರು ಎಂದರೆ ಯಾರು?



ಕಳೆದ ವಾರ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಹತ್ತನೆಯ ತರಗತಿಯ ಮೊಮ್ಮಗ ಪಕ್ಕದಲ್ಲೇ ಫೋನಿನಲ್ಲಿ, "ನೀನು ಹೇಳಿದ ಲೆಕ್ಕ ತಪ್ಪು ಗುರು, ಸುಮ್ನೆ ಕುಯ್ಬೇಡ" ಎನ್ನುತ್ತಿದ್ದ. ಒಳಗಿನಿಂದ ಬಂದ ನನ್ನಾಕೆ, "ಪಾಠ ಹೇಳಿದ ಗುರುಗಳ ಹತ್ತಿರ ಮಾತಾಡೋ ರೀತಿಯೇನೋ ಇದು?" ಎಂದು ಗದರಿದರು. ಅವನಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ನಕ್ಕ ಮೇಲೆ, ಇದೇ 'ಗುರು' ಎಂಬ ಪದದಿಂದ ಹಿಂದೊಮ್ಮೆ ನಾನು ಮಾಡಿದ ತಪ್ಪೊಂದು ನೆನಪಾಗಿ ಮನಸ್ಸು ಭಾರವಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಗುವ ವಿಷಯ.

ತಿ.ನರಸೀಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಬೋಧಿಸುತ್ತಿದ್ದ ಕಾಲ. ಒಂದು ದಿನ ರೈತರೊಬ್ಬರು ಬಂದು ಕೈಮುಗಿದು, "ಯಾರ ಗದ್ದೆ ಕುಯ್ದ್ರಿ ಸಾ?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ವಿಚಾರಿಸಿದಾಗ ತಿಳಿಯಿತು: ಹಿಂದಿನ ಸಂಜೆ ಅವರ ಮಗ ಮನೆಯಲ್ಲಿ, "ಕನ್ನಡ ಮೇಷ್ಟ್ರು ಇವತ್ತು ಎರಡು ಪೀರಿಯಡ್ ಕುಯ್ದರು" ಎಂದಿದ್ದನಂತೆ. ಅದು ಭತ್ತದ ಕುಯ್ಲಿನ ಕಾಲ. ಆಳು ಸಿಗದ ದಿನಗಳು. ಮೇಷ್ಟ್ರೇ ಕುಡುಗೋಲು ಹಿಡಿದಿರುವಾಗ ಮಕ್ಕಳನ್ನೂ ಗದ್ದೆಗೆ ಕರೆದುಕೊಂಡು ಹೋಗುತ್ತಾರೋ ಏನೋ ಎಂಬುದು ಅವರ ಆತಂಕ. ಎರಡು ಪೀರಿಯಡ್ ನಾನು ಕುಯ್ದದ್ದು ಹಳಗನ್ನಡ ವ್ಯಾಕರಣವನ್ನು ಎಂದು ಅವರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು.

ಇಂಗ್ಲಿಷಿನಲ್ಲಿ ರಂಧ್ರ ಕೊರೆಯುವುದಕ್ಕೂ ಬೇಸರ ಹುಟ್ಟಿಸುವುದಕ್ಕೂ 'ಬೋರ್' ಎಂಬ ಒಂದೇ ರೂಪವಿದೆ. ನಾವು ಓದುವಾಗ 'ಕೊರೆಯುವುದು' ಎನ್ನುತ್ತಿದ್ದುದು ಅದರಿಂದಲೇ ಬಂದಿರಬೇಕೆಂದು ನನ್ನ ಊಹೆ. ನಾವು ಕೊರೆದೆವು, ನಮ್ಮ ಮಕ್ಕಳು ಕುಯ್ದರು, ಅಷ್ಟೇ ವ್ಯತ್ಯಾಸ.

ನಂಜನಗೂಡಿನ ನಮ್ಮ ಬಂಧುಗಳ ಮನೆಯಲ್ಲಿ ನಡೆದದ್ದು ಇನ್ನೊಂದು. ಕಾಲೇಜಿಗೆ ಹೋಗುವ ಹುಡುಗನ ಬಗ್ಗೆ ಅವನ ತಂಗಿ, "ಅಣ್ಣ ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಳು ಹಾಕ್ತಾನೆ" ಎಂದು ದೂರಿದಳು. ಅಜ್ಜಿಗೆ ಪರಮ ಸಂತೋಷ. "ಹಾಕಲಿ ಬಿಡೆ, ಪಾರಿವಾಳಕ್ಕೆ ಕಾಳು ಹಾಕಿದರೆ ನಂಜುಂಡೇಶ್ವರ ಒಳ್ಳೆಯದು ಮಾಡುತ್ತಾನೆ" ಎಂದು ಮೊಮ್ಮಗನಿಗೆ ಒಂದು ಸೇರು ಹೆಸರುಕಾಳನ್ನೇ ಕಟ್ಟಿಕೊಟ್ಟರು. ಹುಡುಗಿಯರ ಗಮನ ಸೆಳೆಯುವುದಕ್ಕೆ ಆ ಹೆಸರಿದೆಯೆಂದು ಅವರಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ಅದೇ ಮನೆಯಲ್ಲಿ ತಾಯಿಯ ಹೊಸ ರೇಷ್ಮೆ ಸೀರೆಯನ್ನು ಮಗಳು "ಚಿಂದಿ!" ಎಂದು ಹೊಗಳಲು, ಆ ತಾಯಿ ಎಲ್ಲಿ ಹರಿದಿದೆಯೋ ಎಂದು ಸೀರೆಯ ಉದ್ದಕ್ಕೂ ಹುಡುಕಿದ್ದರು.

'ಈಗಿನ ಮಕ್ಕಳು ಭಾಷೆಯನ್ನು ಕೆಡಿಸಿದರು' ಎಂಬುದು ನಮ್ಮ ವಯಸ್ಸಿನವರ ನಿತ್ಯದ ದೂರು. ಆದರೆ ಈ ದೂರು ನಮ್ಮ ನದೀತೀರದ ಶಾಸನಗಳಷ್ಟೇ ಹಳೆಯದಿರಬೇಕು. ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ತಲಕಾಡಿನಲ್ಲಿ ಗಂಗರು ಆಳುತ್ತಿದ್ದಾಗ ಇಲ್ಲಿಯ ಜನ ಹಾಲಿಗೆ 'ಪಾಲ್' ಎನ್ನುತ್ತಿದ್ದರು, ಹಳ್ಳಿಗೆ 'ಪಳ್ಳಿ' ಎನ್ನುತ್ತಿದ್ದರು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಪಕಾರವು ಕ್ರಮೇಣ ಹಕಾರವಾಯಿತು. 'ಹಾಲು' ಎಂದು ಮೊದಲು ಉಚ್ಚರಿಸಿದ ಮಗನನ್ನು ತಲಕಾಡಿನ ಯಾವ ತಂದೆ ತಿದ್ದಿದನೋ! ಇಂದು ನಮ್ಮ ಹಳ್ಳಿಗಳಲ್ಲಿ ಆ ಹಕಾರವೂ ಉದುರಿ 'ಆಲು' ಆಗಿದೆ. ಅದನ್ನು 'ಹಾಲು' ಎಂದು ತಿದ್ದುವುದರಲ್ಲಿ ನಾನು ನನ್ನ ಸೇವಾವಧಿಯ ಬಹುಭಾಗವನ್ನು ಕಳೆದೆ.

ನನಗಿಂತ ಮೊದಲು ಈ ಚಿಂತೆ ಪಟ್ಟವನು ಕೇಶಿರಾಜ. ಹದಿಮೂರನೆಯ ಶತಮಾನದ ನಡುಭಾಗದಲ್ಲಿ, ಸೋಮನಾಥಪುರದ ಕೇಶವ ದೇವಾಲಯವು ಎದ್ದ ಹೊಯ್ಸಳರ ಕಾಲದಲ್ಲಿ, ಅವನು 'ಶಬ್ದಮಣಿದರ್ಪಣ'ವನ್ನು ರಚಿಸಿದ. 'ೞ' ಎಂಬ ಅಕ್ಷರ ಯಾವ ಯಾವ ಪದಗಳಲ್ಲಿ ಬರಬೇಕೆಂದು ಅದರಲ್ಲಿ ಪಟ್ಟಿಯನ್ನೇ ಕೊಟ್ಟ. ಪಟ್ಟಿ ಕೊಡಬೇಕಾಯಿತೆಂದರೆ ಆಗಲೇ ಜನ ಅದನ್ನು ಮರೆಯುತ್ತಿದ್ದರೆಂದೇ ಅರ್ಥ. ನಂಜನಗೂಡು ರಸಬಾಳೆಯ 'ಬಾಳೆ' ಆಗ 'ಬಾೞೆ' ಆಗಿತ್ತು. ಆ ಅಕ್ಷರ ಹೋಯಿತು, ಹಣ್ಣಿನ ರುಚಿ ಹೋಗಲಿಲ್ಲ.

ಅರ್ಥಗಳೂ ಹೀಗೆಯೇ. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ 'ಸಾಹಸ'ವೆಂದರೆ ಬಲಾತ್ಕಾರದಿಂದ ಎಸಗಿದ ಅಪರಾಧ. ಕನ್ನಡದಲ್ಲಿ ಅದು ಹೊಗಳಿಕೆ. ರನ್ನನ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರುಂಟು, ನಮ್ಮ ಕಾಲದಲ್ಲಿ ಮೈಸೂರಿನ ವಿಷ್ಣುವರ್ಧನ್ ಅವರು ಸಾಹಸಸಿಂಹರಾದರು. ಪಾರಸಿಯಲ್ಲಿ 'ಸಖ್ತ್' ಎಂದರೆ ಕಠಿಣ. ನಮ್ಮ ಹುಡುಗರ 'ಸಕತ್' ಎಂದರೆ ಬಹಳ ಚೆನ್ನಾಗಿದೆ ಎಂದು. ಸಕತ್ ಎಂದವನಿಗೆ ಶುದ್ಧ ಕನ್ನಡ ಮಾತಾಡು ಎಂದು ಗದರಿಸಿ ನಾನು ತೆಗೆದುಕೊಳ್ಳುತ್ತಿದ್ದುದು 'ಹಾಜರಿ', ಕೊಡುತ್ತಿದ್ದುದು 'ರಜೆ'. ಈ ಎರಡೂ ಅದೇ ಪಾರಸಿಯ ದಾರಿಯಿಂದ ಬಂದವು. ಗದರಿಸುತ್ತಿದ್ದ 'ಮೇಷ್ಟ್ರು' ಇಂಗ್ಲಿಷಿನ ಮಾಸ್ಟರ್! ಟಿ.ಪಿ. ಕೈಲಾಸಂ (1884-1946) ಇಂಗ್ಲಿಷ್ ಬೆರೆತ ಮನೆಮಾತನ್ನೇ ರಂಗಕ್ಕೆ ತಂದು ನಮ್ಮ ಹಿರಿಯರನ್ನು ನಗಿಸಿದ್ದರು.

ಅರ್ಥವಾಗದಿರುವುದು ಹಿರಿಯರಿಗೆ ಮಾತ್ರವಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯನ್ನು ಈ ಸೀಮೆಯ ಆಡುಮಾತಿನಲ್ಲಿಯೇ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಬೇರೆ ಕಡೆಯ ಕನ್ನಡಿಗರು ಓದಲು ಕಷ್ಟವೆಂದು ಗೊಣಗಿದರು. ಪಟ್ಟಣದಲ್ಲಿ ಬೆಳೆದ ನನ್ನ ಮೊಮ್ಮಗನೂ ಒಂದು ಪುಟ ಓದಿ, "ತಾತ, ಇದು ಯಾವ ಭಾಷೆ?" ಎಂದ. ಅವನ ಮುತ್ತಜ್ಜಿ ಆಡುತ್ತಿದ್ದ ಭಾಷೆ ಅದು.

ಇನ್ನು ನನ್ನ ತಪ್ಪಿನ ವಿಷಯ.

2001ರ ಫೆಬ್ರವರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೆಲವೇ ವಾರಗಳಿದ್ದವು. ಒಬ್ಬ ವಿದ್ಯಾರ್ಥಿನಿಯ ತಂದೆ ಶಾಲೆಗೆ ಬಂದು, ನಡುಗುವ ಕೈಯಲ್ಲಿ ಒಂದು ಚೀಟಿ ಕೊಟ್ಟರು. ಮಗಳದೇ ಅಕ್ಷರ. "ಗುರು, ನಾಳೆ ಬೆಳಿಗ್ಗೆ ಸಂಗಮದ ಹತ್ತಿರ ಸಿಗು. ತಪ್ಪಿಸಬೇಡ." ಕಾವೇರಿ ಕಪಿಲೆಯರು ಕೂಡುವ ಸಂಗಮ, ಮುಂಜಾನೆ ಜನವಿರದ ಜಾಗ. ಅದೇ ತರಗತಿಯಲ್ಲಿ ಗುರು ಎಂದೇ ಹೆಸರು ಆರಂಭವಾಗುವ ಹುಡುಗನೊಬ್ಬನಿದ್ದ. ಮುಂದೆ ಯೋಚಿಸುವ ಅಗತ್ಯ ನನಗೆ ಕಾಣಲಿಲ್ಲ. ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಕೆನ್ನೆಗೆ ಹೊಡೆದೆ. ಅವನ ತಂದೆಯನ್ನು ಕರೆಸಿದೆ. ಅವರು ಮನೆಗೆ ಕರೆದೊಯ್ದು ಮತ್ತೆ ಹೊಡೆದರು. ಹುಡುಗಿಯ ತಂದೆ, "ಓದಿದ್ದು ಸಾಕು" ಎಂದು ಮಗಳನ್ನು ಮನೆಯಲ್ಲಿ ಕೂರಿಸಿದರು. ಗಂಡು ನೋಡುವ ಮಾತೂ ನಡೆಯಿತು.

ಹತ್ತು ದಿನಗಳಾದ ಮೇಲೆ, ಅಕ್ಷರ ಬಾರದ ಅವಳ ಅಜ್ಜಿ, ಅಳುತ್ತಿದ್ದ ಮೊಮ್ಮಗಳ ಪಕ್ಕ ಕುಳಿತು ಕೇಳಿದರಂತೆ: "ಅಲ್ಲ ಕಣವ್ವ, ಗುರು ಅಂದ್ರ ಯಾರು?"

"ನಮ್ಮ ಬೆಂಚಿನವಳೇ ಅಜ್ಜಿ. ನಾವೆಲ್ಲ ಒಬ್ಬರನ್ನೊಬ್ಬರು ಗುರು ಅಂತಲೇ ಕರೆಯೋದು. ಅವಳ ಮನೆ ಇರೋದು ಸಂಗಮದ ಹತ್ತಿರ. ವಿಜ್ಞಾನದ ನೋಟ್ಸು ಇಸ್ಕೊಬೇಕಿತ್ತು."

ಆ ಗೆಳತಿಯನ್ನು ಕೇಳಿದಾಗ ನೋಟ್ಸು ಅವಳ ಬಳಿಯೇ ಇತ್ತು. ಹುಡುಗಿ ಮರುದಿನವೇ ಶಾಲೆಗೆ ಬಂದಳು, ಪರೀಕ್ಷೆ ಬರೆದು ಉತ್ತೀರ್ಣಳಾದಳು. ಬಿ.ಎಡ್. ಓದಿದ ನಾನು, ಇಬ್ಬರು ತಂದೆಯರು, ಯಾರೂ ಕೇಳದ ಪ್ರಶ್ನೆಯೊಂದನ್ನು ಆ ಅಜ್ಜಿ ಕೇಳಿದ್ದರು.

ನಾಚಿಕೆಯ ಸಂಗತಿಯೆಂದರೆ, ಅದೇ ವರ್ಷ ಅದೇ ತರಗತಿಗೆ ಛಂದಸ್ಸು ಪಾಠ ಮಾಡಿದವನು ನಾನು. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. 'ಗುರು' ಎಂಬುದರ ಮೂಲಾರ್ಥವೇ ಭಾರವಾದದ್ದು ಎಂದು ಹಲಗೆಯ ಮೇಲೆ ಬರೆದಿದ್ದೆ. ಭಾರವೆಂಬ ಪದ ಉಪಾಧ್ಯಾಯನಾಗಿ, ಉಪಾಧ್ಯಾಯ ಬೆಂಚಿನ ಗೆಳತಿಯಾದುದನ್ನು ಮಾತ್ರ ನಾನು ಗಮನಿಸಿರಲಿಲ್ಲ.

ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913-2021) 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಅಂಥವರೇ, ಓದುಗರು ಕೇಳಿದ ಪದಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಿದ್ದರು. ಪದದ ಅರ್ಥ ಕೇಳುವುದು ಸಣ್ಣತನವಲ್ಲ. ಕೇಳದೆ ತೀರ್ಪು ಕೊಡುವುದು ಅಪಾಯ. ಈಗ ತಂದೆತಾಯಂದಿರಾಗಿರುವ ನೀವು ಮಕ್ಕಳ ಫೋನಿನಲ್ಲಿ ಅರ್ಥವಾಗದ ಪದ ಕಂಡರೆ ಮೊದಲು, "ಹಾಗೆಂದರೇನಪ್ಪಾ?" ಎಂದು ಕೇಳಿ.

ಆ ಹುಡುಗನ ವಿಷಯ ಉಳಿಯಿತು. ತರಗತಿಯಲ್ಲಿ ನಿಜ ಸಂಗತಿ ಹೇಳಿದೆ. ಆದರೆ ಅವನೆದುರು ನಿಂತು ತಪ್ಪಾಯಿತೆನ್ನಲು ಅಂದಿನ ಮೇಷ್ಟರ ಗತ್ತು ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಛತ್ರವೊಂದರಲ್ಲಿ, ಮದುವೆಯ ಊಟದ ಸಾಲಿನಲ್ಲಿ, ಒಬ್ಬ ಗಟ್ಟಿಮುಟ್ಟಾದ ಗೃಹಸ್ಥ ಬಂದು ಕಾಲಿಗೆರಗಿ, "ಚೆನ್ನಾಗಿದ್ದೀರಾ ಗುರುಗಳೇ?" ಎಂದ. ಅವನೇ. ಆಗಲೂ ನನ್ನ ಬಾಯಿಂದ ಬಂದದ್ದು, "ಊಟ ಆಯಿತೇನಪ್ಪಾ?" ಎಂಬ ಮಾತು ಮಾತ್ರ.

ಇಲ್ಲಿ ನಾನು ಬರೆಯುವುದನ್ನು ಅವನೂ ಓದುತ್ತಾನೆಂದು ಕೇಳಿದ್ದೇನೆ. ಕ್ಷಮಿಸು, ಗುರು.