ಪದವೂ ಅದರ ಒಡನಾಟವೂ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿ ಕಮಲಾಪುರವೆಂಬ ಊರಿರುವುದು. ಅಲ್ಲಿಯ ಕೆಂಪು ಬಾಳೆಹಣ್ಣು ನಾಡಿನಲ್ಲೆಲ್ಲ ಹೆಸರಾದುದು. ಆ ಊರಿನ ತೋಟದ ಒಡೆಯನೊಬ್ಬನನ್ನು ಶ್ರೋತೃಗಳು ಮನಸ್ಸಿಗೆ ತಂದುಕೊಳ್ಳಬೇಕು. ಅವನು ಒಂದಕ್ಷರ ಇಂಗ್ಲಿಷನ್ನೂ ಓದಿದವನಲ್ಲ. ಆದರೂ ಬಸ್ಸಿನ ಚಾರ್ಜು ಹೆಚ್ಚಿತೆನ್ನುವನು. ಮೊಬೈಲಿನಲ್ಲಿ ಚಾರ್ಜು ಇಲ್ಲವೆನ್ನುವನು. ಹೊಸ ತಹಶೀಲ್ದಾರರು ಚಾರ್ಜು ತೆಗೆದುಕೊಂಡರೆನ್ನುವನು. ಹೊಲದ ಜಗಳದಲ್ಲಿ ಪೋಲೀಸರು ಚಾರ್ಜ್‌ಶೀಟು ಹಾಕಿದರೆನ್ನುವನು. ಗದ್ದಲವೆದ್ದಾಗ ಲಾಠಿ ಚಾರ್ಜು ಆಯಿತೆನ್ನುವನು. ಐದು ಕಡೆಗಳಲ್ಲಿ ಐದು ಅರ್ಥ. ಒಂದು ಕಡೆಯಲ್ಲಿಯೂ ಅವನು ಎಡವುವುದಿಲ್ಲ.

ಅವನ ಮಗನಾದರೋ ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಿರುವವನು. ‘ಚಾರ್ಜ್ ಎಂದರೆ ಶುಲ್ಕ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಬಾಯಿಪಾಠ ಮಾಡಿರುವನು. ಪರೀಕ್ಷೆಯ ಗದ್ಯಭಾಗದಲ್ಲಿ ಆನೆಯೊಂದು ಬೇಟೆಗಾರನನ್ನು ‘ಚಾರ್ಜ್’ ಮಾಡಿತೆಂದು ಓದಿದಾಗ, ಆನೆಯು ಯಾವ ಶುಲ್ಕವನ್ನು ವಸೂಲು ಮಾಡಿತೋ ತಿಳಿಯದೆ ಕಕ್ಕಾಬಿಕ್ಕಿಯಾಗುವನು. ಓದದ ತಂದೆಗೆ ಸುಲಭವಾದುದು ಓದುತ್ತಿರುವ ಮಗನಿಗೆ ಕಠಿಣವಾದುದೇಕೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರವುಂಟೇ ಎಂದು ನೋಡುವುದೇ ಈ ಭಾಷಣದ ಉದ್ದೇಶ.

ಇಂಗ್ಲಿಷಿನ ಈ ಪದದ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ; ಬಂಡಿಗೆ ಹೊರೆ ಹೇರುವುದೆಂಬುದೇ ಅದರ ಮೊದಲ ಅರ್ಥ. ಬಂದೂಕಿಗೆ ಮದ್ದು ತುಂಬುವುದು, ಹೊಣೆಯನ್ನು ಹೆಗಲಿಗೇರಿಸುವುದು, ಒಬ್ಬನ ಮೇಲೆ ಅಪರಾಧವನ್ನು ಹೊರಿಸುವುದು, ಕೊಳ್ಳುವವನ ಮೇಲೆ ಬೆಲೆಯನ್ನು ಹೇರುವುದು, ಇವೆಲ್ಲವೂ ಆ ಒಂದು ಹೊರೆಯಿಂದಲೇ ಹುಟ್ಟಿದ ಅರ್ಥಗಳು. ನಾವೂ ‘ಅಧಿಕಾರಭಾರ’ ಎನ್ನುವುದಿಲ್ಲವೇ? ತೋಟದ ಒಡೆಯನಿಗೆ ಲ್ಯಾಟಿನ್ ಗೊತ್ತಿಲ್ಲ. ಆದರೆ ಪದವನ್ನು ಐದು ಜನರ ನಡುವೆ, ಐದು ಕೆಲಸಗಳ ನಡುವೆ ಕಂಡಿರುವನು. ಮಗನು ಅದನ್ನು ಒಂದೇ ಸಲ, ಒಂಟಿಯಾಗಿ, ಪಟ್ಟಿಯೊಳಗೆ ಕಂಡನು. ಭೇದವಿರುವುದು ಬುದ್ಧಿಯಲ್ಲಿ ಅಲ್ಲ, ಪರಿಚಯದ ಬಗೆಯಲ್ಲಿ.

ಈ ಮಾತು ಪಾಶ್ಚಾತ್ಯರಿಂದ ಈಚೆಗೆ ಬಂದುದೆಂದು ಕೆಲವರು ತಿಳಿದಿರುವರು. ವಾಸ್ತವವಾಗಿ ನಮ್ಮ ಶಾಸ್ತ್ರಕಾರರು ಇದನ್ನು ಬಹುಕಾಲದ ಹಿಂದೆಯೇ ವಿಚಾರಮಾಡಿದ್ದರು. ಮಗುವು ಮಾತನ್ನು ಕಲಿಯುವ ಬಗೆಯನ್ನು ಮೀಮಾಂಸಕರು ವಿವರಿಸಿದ ರೀತಿ ಹೀಗೆ: ಹಿರಿಯನೊಬ್ಬನು ಇನ್ನೊಬ್ಬನಿಗೆ ‘ಹಸುವನ್ನು ತಾ’ ಎನ್ನುವನು, ಅವನು ತರುವನು, ಮಗುವು ನೋಡುತ್ತಿರುವುದು. ಆಗ ಅದಕ್ಕೆ ಇಡಿಯ ವಾಕ್ಯದ ಅರ್ಥ ಮಾತ್ರ ತೋರುವುದು. ಯಾವ ಪದಕ್ಕೆ ಯಾವ ಅರ್ಥವೆಂಬುದು ತೋರದು. ಬಳಿಕ ‘ಕುದುರೆಯನ್ನು ತಾ’, ‘ಹಸುವನ್ನು ಕಟ್ಟು’ ಎಂಬ ಮಾತುಗಳು ಕಿವಿಗೆ ಬೀಳುವುವು. ಒಂದು ಪದ ಹೋಗಿ ಇನ್ನೊಂದು ಬಂದಾಗ ಕೆಲಸವೂ ಬದಲಾಗುವುದನ್ನು ಕಂಡು, ಮಗುವು ಹಸುವನ್ನೂ ಕುದುರೆಯನ್ನೂ ತರುವುದನ್ನೂ ಕಟ್ಟುವುದನ್ನೂ ಬೇರೆಬೇರೆಯಾಗಿ ಅರಿಯುವುದು. ಹೀಗೆ ಪದಗಳನ್ನು ಸೇರಿಸುವುದಕ್ಕೂ ತೆಗೆಯುವುದಕ್ಕೂ ಅವರು ಆವಾಪ, ಉದ್ವಾಪವೆಂದು ಹೆಸರಿಟ್ಟರು. ಪದವೊಂದೇ ಆದರೂ ಸನ್ನಿವೇಶ ಹಲವಾಗಬೇಕೆಂಬುದು ಇದರ ಸಾರ.

ಸೈಂಧವದ ನಿದರ್ಶನವಂತೂ ಸಂಸ್ಕೃತ ಓದಿದವರಿಗೆಲ್ಲ ಪರಿಚಿತವಾದುದು. ಆ ಪದಕ್ಕೆ ಉಪ್ಪೆಂಬ ಅರ್ಥವೂ ಉಂಟು, ಕುದುರೆಯೆಂಬ ಅರ್ಥವೂ ಉಂಟು. ಯಜಮಾನನು ಊಟದ ಎಲೆಯ ಮುಂದೆ ಕುಳಿತು ‘ಸೈಂಧವವನ್ನು ತಾ’ ಎಂದರೆ ಕುದುರೆಯನ್ನು ತರುವ ಸೇವಕನೂ, ಪ್ರಯಾಣಕ್ಕೆ ಹೊರಟು ನಿಂತು ಹಾಗೆಂದಾಗ ಉಪ್ಪನ್ನು ತರುವ ಸೇವಕನೂ ಒಂದೇ ತರದ ಮೂಢರು. ಇಬ್ಬರಿಗೂ ಕೋಶ ಗೊತ್ತು, ಪ್ರಕರಣ ಗೊತ್ತಿಲ್ಲ. ಆನೆಯು ಶುಲ್ಕ ಕೇಳಿತೇ ಎಂದು ಬೆರಗಾದ ನಮ್ಮ ಹುಡುಗನನ್ನು ಮೂಢನೆನ್ನುವಂತಿಲ್ಲ. ಅವನಿಗೆ ಪ್ರಕರಣವನ್ನು ತೋರಿಸಿದವರೇ ಇಲ್ಲ.

ಇನ್ನು ಕಲಬುರಗಿಯ ಸೀಮೆಗೇ ಬರೋಣ. ಇಂದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದ ಮಧ್ಯದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪದಗಳ ಒಡನಾಟವನ್ನು ಬಹು ಎಚ್ಚರದಿಂದ ಪರೀಕ್ಷಿಸುವ ಗ್ರಂಥ. ಯಾವ ಸಂಸ್ಕೃತಪದವು ಯಾವ ಕನ್ನಡಪದದೊಡನೆ ಹೊಂದುವುದು, ಯಾವುದು ಹೊಂದದೆ ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಯಂತೆ ಕೆಡಿಸುವುದು ಎಂಬುದನ್ನು ಅದು ಲಕ್ಷಣದಿಂದ ಮಾತ್ರವಲ್ಲದೆ ಉದಾಹರಣೆಗಳಿಂದಲೂ ತೋರಿಸುವುದು.

ಅದಕ್ಕೂ ಹೆಚ್ಚಾಗಿ ನಮ್ಮ ವಿಷಯಕ್ಕೆ ಸಲ್ಲುವವನು ಹಲಾಯುಧ. 10ನೆಯ ಶತಮಾನದ ಈ ಪಂಡಿತನು ಎರಡು ಬಗೆಯ ಗ್ರಂಥಗಳನ್ನು ರಚಿಸಿದನು. ಒಂದು, ಅಭಿಧಾನರತ್ನಮಾಲೆಯೆಂಬ ನಿಘಂಟು. ಅದರಲ್ಲಿ ಐದು ಕಾಂಡಗಳಿವೆ. ನಾನಾರ್ಥಗಳುಳ್ಳ ಪದಗಳಿಗೆ ಕೊನೆಯ ಕಾಂಡವು ಮೀಸಲು. ಇನ್ನೊಂದು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನನ್ನು ನಾಯಕನನ್ನಾಗಿ ಮಾಡಿಕೊಂಡ ಕವಿರಹಸ್ಯವೆಂಬ ಕಾವ್ಯ. ಕೇಳುವುದಕ್ಕೆ ಇದು ರಾಜಸ್ತುತಿ. ಒಳಗೆ ನೋಡಿದರೆ ಪಾಠಪುಸ್ತಕ. ರೂಪದಲ್ಲಿ ಹೋಲುವ ಧಾತುಗಳು ಬೇರೆಬೇರೆ ಗಣಗಳಲ್ಲಿ ಬೇರೆಬೇರೆ ಕ್ರಿಯಾರೂಪಗಳನ್ನು ತಾಳುವುದನ್ನು ಹಲಾಯುಧನು ಶ್ಲೋಕದ ವಾಕ್ಯಗಳಲ್ಲಿಯೇ ಬಳಸಿ ತೋರಿಸಿರುವನು. ನಿಘಂಟನ್ನು ಬರೆಯಬಲ್ಲವನೇ ನಿಘಂಟು ಸಾಲದೆಂದು ಕಂಡುಕೊಂಡು ಪ್ರಯೋಗದ ಗ್ರಂಥವನ್ನೂ ಬರೆದನೆಂಬುದು ಗಮನಿಸತಕ್ಕ ಸಂಗತಿ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನೂ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ಹಿಂದಿನ ಕವಿಗಳ ಪ್ರಯೋಗಗಳನ್ನು ಒಂದೊಂದಾಗಿ ಎತ್ತಿ ತೋರಿಸಿದನು.

ಪಂಡಿತರ ಮಾತು ಹಾಗಿರಲಿ, ಜನಸಾಮಾನ್ಯರು ಮಾಡಿದುದೇನು? ಬಹುಮನಿ ಸುಲ್ತಾನರ ಕಾಲದಿಂದ ನಿಜಾಮರ ಕಾಲದವರೆಗೆ ಈ ಸೀಮೆಯ ರಾಜಕಾರ್ಯದಲ್ಲಿ ಪಾರಸಿಗೆ ದೊಡ್ಡ ಸ್ಥಾನವಿತ್ತು. ಹೈದರಾಬಾದು ಸಂಸ್ಥಾನದಲ್ಲಿ 1880ರ ದಶಕದಲ್ಲಿ ಆ ಸ್ಥಾನವನ್ನು ಉರ್ದು ಪಡೆಯಿತು. ನೇಗಿಲು ಹಿಡಿದ ರೈತನಿಗೆ ಪಾರಸಿಯನ್ನು ಯಾರೂ ಪಾಠ ಹೇಳಲಿಲ್ಲ. ಆದರೂ ಅರ್ಜಿ, ವಸೂಲಿ, ಜಮಾ, ಬಾಕಿ, ಜಾಮೀನು ಮುಂತಾದ ಮಾತುಗಳು ಅವನ ಕನ್ನಡವೇ ಆಗಿಹೋದುವು. ಕಂದಾಯ ಬಾಕಿ, ಸಾಹುಕಾರನ ಬಾಕಿ, ಕೆಲಸ ಇನ್ನೂ ಬಾಕಿ, ಹೀಗೆ ಕಚೇರಿಯಿಂದ ಕಣಕ್ಕೂ ಕಣದಿಂದ ಅಡುಗೆಮನೆಗೂ ಪದವು ನಡೆದುಬಂದಿತು.

ಇಂಗ್ಲಿಷಿನ ಮಾತುಗಳು ಮೊದಲು ಬಂದ ದಾರಿಯೂ ಇಂಥದೇ. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದುವು. ಆ ದಾರಿಯ ಮೇಲಿದ್ದ ಕಲಬುರಗಿಗೆ ರೈಲಿನೊಡನೆ ಟಿಕೀಟು, ಗಾರ್ಡು, ಸಿಗ್ನಲ್ಲು, ಪ್ಲಾಟ್‌ಫಾರಮ್ಮುಗಳೂ ಬಂದಿಳಿದುವು. ಅದೇ ಶತಮಾನದ ಕೊನೆಯ ಭಾಗದಲ್ಲಿ ಎದ್ದ ಮೆಹಬೂಬ್ ಶಾಹಿ ಬಟ್ಟೆ ಗಿರಣಿಯೊಡನೆ ಯಂತ್ರದ ಮಾತುಗಳು ಬಂದುವು. ಇವನ್ನು ಅರ್ಥ ಬರೆಸಿ ಕಲಿಸಿದವರಿಲ್ಲ. ಕಣ್ಣೆದುರಿಗೆ ವಸ್ತುವಿತ್ತು, ಕೈಯಲ್ಲಿ ಕೆಲಸವಿತ್ತು.

ಶಾಲೆಯ ಇಂಗ್ಲಿಷಿನ ಕಥೆ ಬೇರೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು; ಇಂಗ್ಲಿಷು ಎಲ್ಲರೂ ಓದಲೇಬೇಕಾದ ಭಾಷೆಯಾಗಿತ್ತು. ಮನೆಯಲ್ಲಿ ಕನ್ನಡವಾಡುವ ಕಲಬುರಗಿಯ ವಿದ್ಯಾರ್ಥಿಗೆ ಇಂಗ್ಲಿಷು ಮೂರನೆಯ ಹೊಸಿಲು. ಎರಡು ಅನುವಾದಗಳನ್ನು ದಾಟಿ ಬರುವ ಪದವು ದಾರಿಯಲ್ಲಿ ತನ್ನ ಒಡನಾಡಿಗಳನ್ನೆಲ್ಲ ಕಳೆದುಕೊಂಡು ಒಂಟಿ ಅರ್ಥವಾಗಿ ಉಳಿಯುವುದು ಸಹಜವೇ ಸರಿ. 1948ರ ಬಳಿಕ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗಿತು. 1956ರಲ್ಲಿ ಕಲಬುರಗಿಯು ಕನ್ನಡ ರಾಜ್ಯವನ್ನು ಸೇರಿತು. ಸಂಸ್ಥಾನ ಹೋದರೂ ಪದಪಟ್ಟಿಯನ್ನು ಉರುಹೊಡೆಯುವ ಅಭ್ಯಾಸ ಹೋಗಲಿಲ್ಲ.

ಇಂಗ್ಲಿಷರು ತಮ್ಮ ಭಾಷೆಯ ಪದಗಳನ್ನು ಹೇಗೆ ನಿರ್ಣಯಿಸಿಕೊಂಡರೆಂಬುದನ್ನು ಇಲ್ಲಿ ನೆನೆಯಬೇಕು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಗ್ರಂಥಕರ್ತರಿಂದ ಆಯ್ದ ಒಂದು ಲಕ್ಷಕ್ಕೂ ಮಿಗಿಲಾದ ಪ್ರಯೋಗಗಳಿವೆ. 1884ರಿಂದ 1928ರವರೆಗೆ ಬಿಡಿಬಿಡಿಯಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಅಂಥವು ಸುಮಾರು 18 ಲಕ್ಷ. ಬಹುಪಾಲು ಸಾಮಾನ್ಯ ಓದುಗರೇ ಪುಸ್ತಕಗಳನ್ನು ಓದುತ್ತ ಚೀಟಿಗಳಲ್ಲಿ ಬರೆದು ಕಳುಹಿಸಿದುವು. ಮೊದಲು ಪ್ರಯೋಗ, ಆಮೇಲೆ ಅರ್ಥ. ನಮ್ಮಲ್ಲಿಯೂ ಕಿಟ್ಟೆಲ್ ಪಂಡಿತನು 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ಬೆಲೆಬಾಳುವುದು ಅರ್ಥಗಳಿಂದ ಮಾತ್ರವಲ್ಲ. ಹಳೆಯ ಗ್ರಂಥಗಳ ಆಧಾರಗಳನ್ನೂ ಜನರ ಗಾದೆಗಳನ್ನೂ ಪದಗಳ ಜೊತೆಯಲ್ಲಿಯೇ ಇಟ್ಟುದರಿಂದ.

ಪರಭಾಷೆಯಾಗಿ ಇಂಗ್ಲಿಷನ್ನು ಕಲಿಸುವ ವಿಷಯದಲ್ಲಿ ಹೊಸ ದಾರಿಯನ್ನು ಹುಡುಕಿದವರಲ್ಲಿ ಇಬ್ಬರು ನಮ್ಮ ದೇಶದ ಪಾಠಶಾಲೆಗಳಲ್ಲಿಯೇ ಅನುಭವ ಪಡೆದವರೆಂಬುದು ಸ್ವಾರಸ್ಯವಾದ ವಿಚಾರ. ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣ ಕಾಲೇಜಿನ ಮುಖ್ಯಸ್ಥನಾಗಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳು ಓದಿನಲ್ಲಿ ಮುಗ್ಗರಿಸುವುದಕ್ಕೆ ಕಾರಣವನ್ನು ಹುಡುಕಿ 1926ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹೊಸ ಪದಗಳು ಒಮ್ಮೆಗೇ ಮುತ್ತಬಾರದು, ಬಂದ ಪದವು ಮರಳಿ ಮರಳಿ ಬರಬೇಕು ಎಂಬ ನಿಯಮದಿಂದ ವಾಚನಪುಸ್ತಕಗಳನ್ನು ರಚಿಸಿದನು. 1953ರಲ್ಲಿ ಅವನು ಹೊರತಂದ ಸುಮಾರು 2000 ಪದಗಳ ಪಟ್ಟಿಯಲ್ಲಿ, ಒಂದೊಂದು ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆಯೆಂಬುದನ್ನೂ ಎಣಿಸಿ ತೋರಿಸಿರುವುದು. 1919ರಿಂದ 1928ರವರೆಗೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ ಜೆ. ಆರ್. ಫರ್ತ್, ಪದವನ್ನು ಅದರ ಸಹವಾಸದಿಂದ ಅರಿಯಬೇಕೆಂದು 1957ರಲ್ಲಿ ಬರೆದನು. ಆ ದಾರಿಯಲ್ಲಿಯೇ ಬರ್ಮಿಂಗ್‌ಹ್ಯಾಮಿನ ವಿದ್ವಾಂಸರು ಗಣಕಯಂತ್ರದಲ್ಲಿ ಅಪಾರವಾದ ಬರಹಗಳನ್ನು ಕೂಡಿಹಾಕಿ 1987ರಲ್ಲಿ ಕಲಿಯುವವರ ನಿಘಂಟೊಂದನ್ನು ಸಿದ್ಧಮಾಡಿದರು.

ಹಾಗಾದರೆ ಪದಕೋಶವನ್ನು ಮುಚ್ಚಿಡಬೇಕೇ? ಹಾಗಲ್ಲ. ಸನ್ನಿವೇಶವೊಂದನ್ನೇ ನೆಚ್ಚಿ ಊಹಿಸಿದ ಅರ್ಥವು ಕೆಲವು ವೇಳೆ ದಾರಿ ತಪ್ಪಿಸುವುದು. ಔಷಧದ ಸೀಸೆಯ ಮೇಲಿನ ಮಾತನ್ನಾಗಲಿ ನ್ಯಾಯಾಲಯದ ನೋಟೀಸನ್ನಾಗಲಿ ಊಹೆಯಿಂದ ಓದುವುದು ಅಪಾಯ. ನಮ್ಮ ನೈಯಾಯಿಕರು ಪದದ ಅರ್ಥವನ್ನು ತಿಳಿಯುವ ಸಾಧನಗಳನ್ನು ಎಣಿಸುವಾಗ ವ್ಯಾಕರಣ, ಉಪಮಾನ, ಕೋಶ, ಆಪ್ತರ ಮಾತು, ವ್ಯವಹಾರ, ವಾಕ್ಯದ ಉಳಿದ ಭಾಗ, ವಿವರಣೆ, ತಿಳಿದ ಪದದ ಸಾಮೀಪ್ಯ ಎಂದು ಎಂಟನ್ನು ಹೇಳಿರುವರು. ಕೋಶವು ಎಂಟರಲ್ಲಿ ಒಂದು. ನಮ್ಮ ಶಾಲೆಗಳಲ್ಲಿ ಆ ಒಂದೇ ಎಂಟರ ಜಾಗವನ್ನೂ ಆಕ್ರಮಿಸಿದುದು ದೋಷ.

ಇದರಿಂದ ನಷ್ಟಕ್ಕೆ ಗುರಿಯಾಗುವವರು ಯಾರು? ಮನೆಯಲ್ಲಿ ಇಂಗ್ಲಿಷು ಕೇಳುವ ನಗರದ ಮಗುವಿಗೆ ಪಟ್ಟಿಯ ಕೊರತೆಯನ್ನು ಮನೆಯೇ ತುಂಬಿಕೊಡುವುದು. ಕಮಲಾಪುರದಂಥ ಊರಿನ ಮಗುವಿಗೆ ಪಟ್ಟಿಯ ಆಚೆ ಏನೂ ಇಲ್ಲ. ಸೋತಾಗ ಅದು ಪಟ್ಟಿಯನ್ನು ದೂರದೆ ತನ್ನ ತಲೆಯನ್ನೇ ದೂರಿಕೊಳ್ಳುವುದು. ಅದಕ್ಕೆ ನಾವು ಹೇಳಬೇಕಾದುದು ಇಷ್ಟೇ: ಪದದ ಎದುರಿಗೆ ಅರ್ಥವೊಂದನ್ನೇ ಬರೆಯಬೇಡ, ಅದನ್ನು ಕಂಡ ವಾಕ್ಯವನ್ನೂ ಬರೆ, ಕೆಳಗೆ ಎರಡು ಸಾಲು ಜಾಗ ಬಿಡು, ಬೇರೆ ಕಥೆಯಲ್ಲಿ, ವರ್ತಮಾನಪತ್ರಿಕೆಯಲ್ಲಿ, ರೈಲ್ವೆ ನಿಲ್ದಾಣದ ಫಲಕದಲ್ಲಿ ಅದು ಮತ್ತೆ ಎದುರಾದಾಗ ಆ ವಾಕ್ಯವನ್ನೂ ಸೇರಿಸು. ನಿನಗೆ ಸುಲಭವಾದ ಪುಸ್ತಕಗಳನ್ನು ಹೆಚ್ಚಾಗಿ ಓದು.

ಹಲಾಯುಧನು ಎರಡು ಗ್ರಂಥಗಳನ್ನು ಬರೆದನು. ನಾವು ಮಕ್ಕಳ ಕೈಗೆ ಒಂದನ್ನೇ ಕೊಟ್ಟೆವು. ಎರಡನೆಯದನ್ನೂ ಕೊಟ್ಟ ದಿನ, ತೋಟದಲ್ಲಿ ತಂದೆಗೆ ಬಂದ ವಿದ್ಯೆಯು ಶಾಲೆಯಲ್ಲಿ ಮಗನಿಗೂ ಬರುವುದು.