ಸಂಪಿಗೆ, ಚಾಫಾ, ಮ್ಯಾಗ್ನೋಲಿಯಾ

ನಾನು ಪಿಂಪಳಗಾಂವ್ ಬಸವಂತ್ ಶಾಖೆಯಲ್ಲಿದ್ದಾಗಿನ ಮಾತು. (ಊರಿನ ಹೆಸರಲ್ಲೇ ಬಸವ ಇದ್ದಾನೆ ಅಂತ ವರ್ಗದ ಆರ್ಡರ್ ಬಂದಾಗ ಖುಷಿಪಟ್ಟಿದ್ದೆ!) ದ್ರಾಕ್ಷಿ ಸಾಲದ ನವೀಕರಣಕ್ಕೆ ಬಂದ ರೈತರೊಬ್ಬರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಒಂದೂ ಎಲೆಯಿಲ್ಲದ ಮರ, ಕೊಂಬೆ ತುಂಬ ಬೊಗಸೆಯಂಥ ಗುಲಾಬಿ ಹೂವು. "ಸಾಹೇಬ್, ಇದು ಮ್ಯಾಗ್ನೋಲಿಯಾ. ಹಿಮದಲ್ಲೂ ಬದುಕುತ್ತಂತೆ. ನಮ್ಮ ನಿಫಾಡದ ಥಂಡಿ ಇದಕ್ಕೆ ಸಾಕಲ್ಲವಾ? ಮನೆ ಮುಂದೆ ಹತ್ತು ಗಿಡ ಹಾಕೋಣ ಅಂತ."

ನಿಫಾಡ ತಾಲ್ಲೂಕಿನ ಚಳಿ ಸಾಮಾನ್ಯದ್ದಲ್ಲ. 2018ರ ಡಿಸೆಂಬರ್ ಕೊನೆಯಲ್ಲಿ ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದಲ್ಲಿ 1.8 ಡಿಗ್ರಿ ದಾಖಲಾಗಿತ್ತು. ಇಂಥ ರಾತ್ರಿಗಳಲ್ಲಿ ರೈತರು ದ್ರಾಕ್ಷಿ ತೋಟದಲ್ಲಿ ಬೆಂಕಿ ಹಾಕಿ ಹೊಗೆ ಎಬ್ಬಿಸಿಕೊಂಡು ಕೂರುತ್ತಾರೆ. ನಾನು ಬಿ.ಕಾಂ. ಓದಿದವನು, ಗಿಡದ ವಿಷಯ ನನಗೇನು ಗೊತ್ತು? "ನೋಡಿ ಹೇಳ್ತೀನಿ" ಅಂದೆ. ಹಾಗಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು.

ನಾಸಿಕಕ್ಕೆ ಬಂದ ಹೊಸದರಲ್ಲಿ ಅಮ್ಮನೂ ಜೊತೆಗಿದ್ದಳು. ಸಾಗರದ ಕಡೆಯವಳು, ಸಂಪಿಗೆ ಇಲ್ಲದೆ ಪೂಜೆ ಮಾಡಿ ಅಭ್ಯಾಸವಿಲ್ಲ. ಊರಿಂದ ಬರುವಾಗ ಬೀಜ ತಂದು ಡಬ್ಬಿಯಲ್ಲಿಟ್ಟು ಮಳೆಗಾಲಕ್ಕೆ ಕಾದಳು. ಒಂದೂ ಹುಟ್ಟಲಿಲ್ಲ. ಸಂಪಿಗೆ ಬೀಜ ಒಣಗಿದರೆ ಬೇಗ ಸತ್ತುಹೋಗುತ್ತದೆ, ಮೇಲಿನ ಕೆಂಪು ತಿರುಳು ತೊಳೆದು ತಾಜಾ ಇರುವಾಗಲೇ ಹಾಕಬೇಕು ಅಂತ ಆಗ ನಮಗೆ ತಿಳಿದಿರಲಿಲ್ಲ. ಸಂಪಿಗೆಗೆ ಮರಾಠಿಯಲ್ಲಿ 'ಚಾಫಾ' ಅಂತ ಕೇಳಿಕೊಂಡು ನೆರೆಮನೆಯವರ ಹತ್ತಿರ ಹೋದೆ. ಅವರು ಪ್ರೀತಿಯಿಂದ ಒಂದು ದಪ್ಪ ಕಡ್ಡಿ ಮುರಿದು ಕೊಟ್ಟರು. ಅಮ್ಮ ನೋಡಿದವಳೇ, "ಸಂಪಿಗೆ ತಾ ಅಂದ್ರೆ ದೇವಗಣಗಿಲೆ ತಂದಿದೀಯಲ್ಲೋ!"

ಹೌದು, ಇಲ್ಲಿಯವರಿಗೆ ಅದೂ ಚಾಫಾನೇ. ನಮ್ಮದು ಬೇಕಿದ್ದರೆ 'ಸೋನ್‌ಚಾಫಾ' ಅಂತ ಕೇಳಬೇಕಿತ್ತು. ನಗುವ ಹಾಗಿಲ್ಲ ಬಿಡಿ, ನಾವೂ ಕೆಲವು ಕಡೆ ಅದನ್ನು ಗೋಸಂಪಿಗೆ, ಕಾಡುಸಂಪಿಗೆ ಅನ್ನುತ್ತೇವಲ್ಲ! ಅದು ಅಮೆರಿಕಾ ಖಂಡದಿಂದ ಬಂದ ಗಿಡ, ಸಂಪಿಗೆಗೆ ಯಾವ ನೆಂಟಸ್ತನವೂ ಇಲ್ಲ.

ರೈತರ ಪ್ರಶ್ನೆ ಹಿಡಿದು ಓದುತ್ತ ಹೋದಾಗ ಸಿಕ್ಕ ಕಥೆ ಇನ್ನೂ ಮಜವಾಗಿದೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಪಿಯೆರ್ ಮ್ಯಾನ್ಯೋಲ್ (1638-1715) ಎಂಬ ಸಸ್ಯಶಾಸ್ತ್ರಿ ಇದ್ದ. ಪ್ರೊಟೆಸ್ಟೆಂಟ್ ಎಂಬ ಕಾರಣಕ್ಕೆ ಬಹುಕಾಲ ಹುದ್ದೆ ಸಿಗದೆ ಒದ್ದಾಡಿದವನು. ಗಿಡಗಳನ್ನು 'ಕುಟುಂಬ'ಗಳಾಗಿ ವಿಂಗಡಿಸಬೇಕು ಎಂದು 1689ರಲ್ಲೇ ಬರೆದವನೂ ಅವನೇ. ಶಾರ್ಲ್ ಪ್ಲೂಮಿಯೆ ಎಂಬ ಕ್ರೈಸ್ತ ಸನ್ಯಾಸಿ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದಲ್ಲಿ ಕಂಡ ಮರಕ್ಕೆ 1703ರಲ್ಲಿ ಇವನ ಗೌರವಾರ್ಥ ಮ್ಯಾಗ್ನೋಲಿಯಾ ಅಂತ ಹೆಸರಿಟ್ಟ. ಆ ಪ್ಲೂಮಿಯೆಯ ಹೆಸರು ಯಾವುದಕ್ಕೆ ಹೋಯಿತು ಗೊತ್ತೇ? ನೆರೆಮನೆಯವರು ಕೊಟ್ಟ ಕಡ್ಡಿಗೆ! ದೇವಗಣಗಿಲೆಯೇ ಪ್ಲುಮೇರಿಯಾ. ಹಾಗೆ ಹೆಸರಿಟ್ಟ ಟೂರ್ನ್‌ಫೋರ್, ಮ್ಯಾನ್ಯೋಲ್‌ನ ಶಿಷ್ಯ.

ನಮ್ಮ ಸಂಪಿಗೆ ಈ ಲೆಕ್ಕದಲ್ಲಿ ಎಲ್ಲಿ? 1678ರಲ್ಲಿ ಬಂದ ಡಚ್ಚರ 'ಹೊರ್ತುಸ್ ಮಲಬಾರಿಕುಸ್' ಮೊದಲ ಸಂಪುಟದಲ್ಲೇ ಅದು 'ಚಂಪಕಂ' ಆಗಿ ಇದೆ. 1753ರಲ್ಲಿ ಲಿನೇಯಸ್ ಅದನ್ನು ಮ್ಯಾಗ್ನೋಲಿಯಾದಿಂದ ಬೇರೆ ಮಾಡಿ, ಫ್ಲಾರೆನ್ಸಿನ ಮಿಕೇಲಿಯ ಹೆಸರಲ್ಲಿ ಮೈಕೇಲಿಯಾ ಚಂಪಕ ಅಂತ ಕರೆದ. ಈಗ ಡಿಎನ್‌ಎ ನೋಡಿ ಹೆಚ್ಚಿನ ಪಂಡಿತರು ಮತ್ತೆ ಮ್ಯಾಗ್ನೋಲಿಯಾಕ್ಕೇ ಸೇರಿಸಿದ್ದಾರೆ. ಹಿಮಾಲಯದಲ್ಲಿ ಎಲೆ ಉದುರಿಸಿ ವಸಂತದಲ್ಲಿ ಬರಿಗೊಂಬೆಯ ಮೇಲೆ ಹೂ ಬಿಡುವ ದೊಡ್ಡ ಮರವೊಂದಿದೆ. ಹೂಕರ್ ಮತ್ತು ಥಾಮ್ಸನ್ 1855ರಲ್ಲಿ ಅದಕ್ಕೆ ಡಾರ್ಜಿಲಿಂಗಿನ ಸೂಪರಿಂಟೆಂಡೆಂಟ್ ಕ್ಯಾಂಪ್‌ಬೆಲ್‌ನ ಹೆಸರಿಟ್ಟರು. 1849ರಲ್ಲಿ ಹೂಕರ್ ಮತ್ತು ಕ್ಯಾಂಪ್‌ಬೆಲ್ ಇಬ್ಬರೂ ಸಿಕ್ಕಿಮಿನವರ ಕೈಗೆ ಸಿಕ್ಕಿ ಒಟ್ಟಿಗೆ ಸೆರೆಯಲ್ಲಿದ್ದವರು. ಆದರೆ ನೇಪಾಳಿಯಲ್ಲಿ ಅದು 'ಚಾಂಪ್'. ಚಂಪಕ, ಚಾಫಾ, ಸಂಪಿಗೆ, ಚಾಂಪ್ ಎಲ್ಲ ಒಂದೇ ಮಾತು. ಬೆಟ್ಟದ ಜನರಿಗೆ ಕಂಡ ನೆಂಟಸ್ತನ ಲಿನೇಯಸ್‌ನ ಪುಸ್ತಕದಲ್ಲಿ ಇರಲಿಲ್ಲ.

ರೈತರ ಫೋಟೋದಲ್ಲಿದ್ದ ಗಿಡ ಹಿಮಾಲಯದ್ದಲ್ಲ. ನೆಪೋಲಿಯನ್ ಸೈನ್ಯದಿಂದ ನಿವೃತ್ತನಾದ ಸೂಲಾಂಜ್-ಬೊದ್ಯಾಂ ಎಂಬಾತ ಪ್ಯಾರಿಸ್ ಬಳಿ ಎರಡು ಚೀನೀ ಜಾತಿಗಳನ್ನು ಕೂಡಿಸಿ ಬೆಳೆಸಿದ ತಳಿ. ಮೊದಲ ಹೂ ಬಿಟ್ಟಿದ್ದು 1826ರಲ್ಲಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಡೆಯುತ್ತದೆ, ನಿಜ. ಆದರೆ ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ಬಿಡದ ಚಳಿ, ಆಮೇಲೆ ತಂಪಾದ ವಸಂತ, ತೇವವಿರುವ ಹುಳಿ ಮಣ್ಣು. ನಿಫಾಡದಲ್ಲಿ ರಾತ್ರಿ ನಡುಗಿದರೂ ಮಧ್ಯಾಹ್ನ ಸ್ವೆಟರ್ ಬಿಚ್ಚಬೇಕು. ಏಪ್ರಿಲ್ ಬಂದರೆ 40 ಡಿಗ್ರಿ, ಮೇಲಿಂದ ಸುಣ್ಣದ ಅಂಶದ ಕಪ್ಪು ಮಣ್ಣು.

ಇಷ್ಟನ್ನೂ ಹೇಳಿದೆ. ಅವರು ಸುಮ್ಮನಾಗಲಿಲ್ಲ. "ದ್ರಾಕ್ಷಿಯೂ ಥಂಡಿ ದೇಶದ್ದೇ ಅಲ್ಲವಾ ಸಾಹೇಬ್? ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಛಾಟಣಿ ಮಾಡಿ ನಾವು ಅದನ್ನ ಇಲ್ಲಿ ಬಗ್ಗಿಸಿಲ್ಲವಾ?" ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ಬೇಡ, ಎರಡು ತಂದು ನೋಡಿ ಅಂದೆ. ತಂದರು. ಫೆಬ್ರವರಿಯಲ್ಲಿ ಚಿಗುರಿದವು, ಮೇ ತಿಂಗಳಲ್ಲಿ ಎಲೆ ಅಂಚಿಂದ ಸುಟ್ಟು ಒಣಗಿದವು. ಆ ಗುಂಡಿಗಳಲ್ಲೇ ಈಗ ಕಸಿ ಮಾಡಿದ ಸೋನ್‌ಚಾಫಾ ಇದೆ, ಎರಡನೇ ವರ್ಷಕ್ಕೇ ಹೂ ಬಿಟ್ಟಿತು.

ಅಮ್ಮ ಆ ದೇವಗಣಗಿಲೆ ಕಡ್ಡಿಯನ್ನು ಎಸೆಯದೆ ಕಾಂಪೌಂಡ್ ಮೂಲೆಯಲ್ಲಿ ನೆಟ್ಟಿದ್ದಳು. ಚಳಿಗಾಲದಲ್ಲಿ ಎಲೆ ಉದುರಿದಾಗ ಸತ್ತಿತು ಅಂದುಕೊಂಡೆವು. ಏಪ್ರಿಲ್‌ನಲ್ಲಿ ಬೋಳು ಕೊಂಬೆಯ ತುದಿಗೆ ಬಿಳಿ ಹೂ ಗೊಂಚಲು! ಅವತ್ತಿಂದ ಅವಳು ಇರುವವರೆಗೂ ದೇವರಿಗೆ ಅದೇ ಹೂವು. ಈಗಲೂ ಮೂಲೆಯಲ್ಲಿದೆ, ಮನೆಯವಳು ಬೆಳಿಗ್ಗೆ ಬಿದ್ದ ಹೂ ಆರಿಸಿ ತರುತ್ತಾಳೆ.